ಹಳೆಯ ದೋಣಿಗೆ ಹಣ ಹಾಕುವ ಮೊದಲು

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಭಟ್ಕಳ, ಹೊನ್ನಾವರದ ಕಾಸರಕೋಡ, ಕುಮಟಾದ ತದಡಿ ಬಂದರುಗಳಲ್ಲಿ ಇದೇ ದುರಸ್ತಿಯ ಕಾಲವೂ ಹೌದು. ದೋಣಿ ದಡ ಏರುತ್ತದೆ, ಮನೆಯ ಬಂಗಾರ ಅಡವಿಗೆ ಹೋಗುತ್ತದೆ. ಆದರೆ ತಳ ಎಷ್ಟು ಕೆಟ್ಟಿದೆ ಎಂದು ತಿಳಿಯುವ ಮೊದಲೇ ಮುಂಗಡ ಕೊಟ್ಟರೆ ಆ ಬಂಗಾರ ಮರಳಿ ಬರುವುದು ಕಷ್ಟ. ಈ ಬಗ್ಗೆ ನಾವೆಲ್ಲರೂ ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ತಳಕ್ಕೆ ಪೆಟ್ಟು ಬೀಳಲು ಕಾರಣಗಳು ಅನೇಕ. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ದೋಣಿ ಮರಳಿಗೆ ತಾಗುವುದು ಹೊನ್ನಾವರದವರಿಗೆ ಹೊಸ ಸಂಗತಿಯಲ್ಲ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿನ ಕಾಟ ಬೇರೆ. ಹೊರಗೆ ಸೂಜಿಮೊನೆಯಷ್ಟು ತೂತು ಕಂಡರೂ ಹಲಗೆಯ ಒಳಗೆ ಜೇನುಗೂಡಿನಂತೆ ಟೊಳ್ಳಾಗಿರಬಹುದು. ಇನ್ನು ಮರ ಕೊಳೆಯುವುದು ಸಮುದ್ರದ ನೀರಿಗಿಂತ ಹೆಚ್ಚಾಗಿ ಒಳಗೆ ನಿಂತ ಮಳೆನೀರಿನಿಂದ. ಆದುದರಿಂದ ಹೊರಗಿನ ಬಣ್ಣ ನೋಡಿ ತೀರ್ಮಾನಿಸುವಂತಿಲ್ಲ.

ಪರೀಕ್ಷೆ ದೋಣಿ ನೀರಿನಲ್ಲಿರುವಾಗಲೇ ಆರಂಭವಾಗಬೇಕು. ದಿನಕ್ಕೆ ಎಷ್ಟು ಸಲ ಪಂಪು ಹಾಕಿ ನೀರು ತೆಗೆಯಬೇಕಾಗುತ್ತದೆ ಎಂಬುದನ್ನು ಬರೆದಿಡಬೇಕು. ದಡಕ್ಕೆ ತಂದೊಡನೆ ಒಳಗಿನ ನೀರು ಎಲ್ಲಿಂದ ತೊಟ್ಟಿಕ್ಕುತ್ತದೆ ಎಂದು ಗುರುತು ಹಾಕಬೇಕು. ಅಂಟಿದ ಚಿಪ್ಪುಗಳನ್ನು ಕೆರೆದು, ಒಣಗಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳು ಮರದ ಸದ್ದೇ ಬೇರೆ. ಅನುಮಾನವಿದ್ದಲ್ಲಿ ಚೂಪಾದ ಮೊನೆಯಿಂದ ಚುಚ್ಚಿ ನೋಡಬೇಕು. ಇಂಜಿನ್ ಕೂರುವ ಜಾಗ, ಫ್ಯಾನಿನ ಶಾಫ್ಟ್ ಹೊರಬರುವ ಜಾಗ ಮತ್ತು ತುಕ್ಕು ಹಿಡಿದ ಮೊಳೆಗಳ ಸುತ್ತ ವಿಶೇಷ ಗಮನ ಬೇಕು. ಮರದ ಮೇಲೆ ಫೈಬರ್ ಹೊದಿಸಿದ್ದರೆ ಇನ್ನೂ ಹೆಚ್ಚು ಜಾಗ್ರತೆ ಅಗತ್ಯ. ಹೊದಿಕೆ ನುಣುಪಾಗಿದ್ದರೂ ಕೆಳಗಿನ ಮರ ಕೊಳೆತಿರಬಹುದು. ಕಬ್ಬಿಣದ ದೋಣಿಯಾದರೆ ತಗಡಿನ ದಪ್ಪವನ್ನು ಯಂತ್ರದಿಂದ ಅಳೆಸಬೇಕು.

ಇದಾದ ಮೇಲೆ ಲೆಕ್ಕಾಚಾರ. ಈಗಲೇ ಆಗಬೇಕಾದುದು, ಒಂದು ವರ್ಷ ತಡೆಯಬಹುದಾದುದು, ಬೇಡವಾದುದು ಎಂದು ಮೂರು ಪಟ್ಟಿಗಳನ್ನು ಬರೆಯಬೇಕು. ಸಾಧ್ಯವಾದರೆ, ಆ ಕೆಲಸ ಹಿಡಿಯದ ಇನ್ನೊಬ್ಬ ಅನುಭವಿ ಆಚಾರಿಗೆ ಸಂಬಳ ಕೊಟ್ಟು ತೋರಿಸಬೇಕು. ನಾಲ್ಕಾರು ಹಲಗೆ ಕೆಟ್ಟಿದ್ದರೆ ಬದಲಾಯಿಸಬಹುದು. ದೋಣಿಯ ಬೆನ್ನೆಲುಬಾದ ತಳಮರವೂ ಒಳಗಿನ ಪಕ್ಕೆಮರಗಳೂ ಹಾಳಾಗಿದ್ದರೆ ಹೊಸ ಹಲಗೆಗೆ ಹಿಡಿಯಲು ಆಧಾರವೇ ಇರುವುದಿಲ್ಲ. ಆಗ ಇಂಜಿನ್, ಬಲೆಗಳನ್ನು ಉಳಿಸಿಕೊಂಡು ದೋಣಿಯನ್ನು ಬಿಟ್ಟುಬಿಡುವುದೇ ಮೇಲು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಸಾಂಪ್ರದಾಯಿಕ ಮೀನುಗಾರರಿಗೆ ಹಳೆಯದರ ಬದಲು ಹೊಸ ದೋಣಿ ಪಡೆಯಲು ಸಹಾಯಧನದ ಅವಕಾಶ ಕಲ್ಪಿಸಿತು. ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಎಂಬುದು ಅದರ ಸಾಮಾನ್ಯ ಮಿತಿ. ದುರಸ್ತಿಗೆ ಸಾಲ ಮಾಡುವ ಮೊದಲು ಇಂತಹ ನೆರವು ಸದ್ಯ ದೊರೆಯುತ್ತದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು.

ಇದು ಮಾಲೀಕರೊಬ್ಬರ ವ್ಯವಹಾರ ಎಂದು ನಾವು ಸುಮ್ಮನಿರುವಂತಿಲ್ಲ. ಆ ಹಲಗೆಗಳನ್ನು ನಂಬಿ ಕಡಲಿಗಿಳಿಯುವವರು ತಾಂಡೇಲರು ಮತ್ತು ಕಲಾಸಿಗಳು. ಅಡವಿಡುವ ಬಂಗಾರ ಮನೆಯ ಹೆಣ್ಣುಮಕ್ಕಳದು. ಆದುದರಿಂದ ದುರಸ್ತಿಯ ಪಟ್ಟಿಯನ್ನು ತಾಂಡೇಲನಿಗೂ ಮನೆಯಾಕೆಗೂ ಓದಿ ಹೇಳಬೇಕು. ಧರ್ಮಕೇಂದ್ರಗಳ ಸ್ವಸಹಾಯ ಸಂಘಗಳು ದೋಣಿ ದುರಸ್ತಿಗೆ ಸಾಲ ಕೊಡುವಾಗ ಈ ಬರೆದ ಪಟ್ಟಿಯನ್ನು ಕೇಳುವ ಪದ್ಧತಿ ಇಟ್ಟುಕೊಂಡರೆ ದೊಡ್ಡ ಉಪಕಾರವಾದೀತು. ಜುಲೈ ಕೊನೆಯ ವಾರದಲ್ಲಿ ಎಲ್ಲರಿಗೂ ಆಚಾರಿ ಬೇಕು, ಯಾರಿಗೂ ಪುರುಸೊತ್ತಿಲ್ಲ. ಪರೀಕ್ಷೆ ಜೂನ್ ಮೊದಲ ವಾರದಲ್ಲೇ ಮುಗಿದರೆ, ದುರಸ್ತಿ ಬೇಡ ಎಂದು ಹೇಳಲು ಸಹ ಸಮಯವಿರುತ್ತದೆ.