ಪೊಟ್ಟಣ ಕೊಟ್ಟು ಮರೆತರೆ ಕರುಣೆ ಆಯಿತೇ?

ಕ್ರಿಸ್ಮಸ್ ಹತ್ತಿರವಾದಂತೆ ಬೆಂಗಳೂರಿನ ಎಷ್ಟೋ ಚರ್ಚುಗಳಿಂದ ಅನ್ನದ ಪೊಟ್ಟಣ, ಕಂಬಳಿಗಳು ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯದ ಫುಟ್‌ಪಾತ್‌ಗಳಿಗೆ ಹೊರಡುತ್ತವೆ. ಹಸಿದವರಿಗೆ ಉಣಬಡಿಸುವ ಆ ಕೈಗಳು ದೊಡ್ಡವು. ಆದರೆ ಪಡೆದವರ ಹೆಸರು ಕೊಟ್ಟವರಿಗೆ ಗೊತ್ತಿರುವುದಿಲ್ಲ. ಅದೇ ಜಗಲಿಯ ಮೇಲೆ ಮುಂದಿನ ವರ್ಷ ಬೇರೆಯವರು ಮಲಗಿದ್ದರೂ ತಿಳಿಯುವುದಿಲ್ಲ. ಮನೆಯಿಲ್ಲದವರ ವಿಷಯದಲ್ಲಿ ನಮ್ಮ ಕರುಣೆ ಎಡವುವುದು ಇಲ್ಲಿಯೇ. ಕೊಡುವುದನ್ನು ಕಲಿತಿದ್ದೇವೆ, ಪರಿಚಯ ಮಾಡಿಕೊಳ್ಳುವುದನ್ನು ಕಲಿತಿಲ್ಲ.

ಒಳ್ಳೆಯ ಸಮಾರ್ಯದವನ ಕತೆಯನ್ನೇ ನೋಡಿ. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಬದಿಗೆ ಸರಿದು ಹೋದರು, ಸಮಾರ್ಯದವನು ಗಾಯ ಕಟ್ಟಿದ. ಪ್ರಬೋಧನೆಗಳು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತವೆ. ಯೇಸು ಹೇಳಿದ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆತ ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಆ ಕಾಲದ ಎರಡು ದಿನದ ಕೂಲಿ ಇಟ್ಟ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟ. ಆ ಮರಳಿ ಬರುವ ಮಾತನ್ನು ಬಿಟ್ಟರೆ ಉಳಿಯುವುದು ಬರೀ ಪ್ರಥಮ ಚಿಕಿತ್ಸೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ. ನಗರಗಳಲ್ಲಿ ಇವರಲ್ಲಿ ಅನೇಕರು ದುಡಿಯುವವರೇ. ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ, ಮದುವೆ ಅಡುಗೆಗೆ ಹೋಗುತ್ತಾರೆ, ಗುಜರಿ ಆಯುತ್ತಾರೆ. ಅಂಗಡಿಗಳ ಬಾಗಿಲು ಹಾಕಿದ ಮೇಲೆ ಜಗಲಿಯಲ್ಲಿ ಬಟ್ಟೆಯ ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾರೆ, ಅಂಗಡಿ ತೆರೆಯುವ ಮೊದಲೇ ಏಳುತ್ತಾರೆ. ಆದರೂ ಕಂಡವರಿಗೆಲ್ಲ ಅವರು ಭಿಕ್ಷುಕರು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಭಿಕ್ಷೆ ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇಡಬಹುದು. ಅದಕ್ಕೆಂದು ಆಸ್ತಿ ತೆರಿಗೆಯ ಜೊತೆ ನಾವೆಲ್ಲರೂ ಶೇ 3ರಷ್ಟು ಕರ ಕಟ್ಟುತ್ತೇವೆ. ಕರ ಕಟ್ಟಿದ ಮಾತ್ರಕ್ಕೆ ಕರ್ತವ್ಯ ತೀರಿತು ಎಂದುಕೊಳ್ಳುವುದು ಸುಲಭ. ಕ್ರೈಸ್ತನಿಗೆ ಆ ಸೌಲಭ್ಯ ಇಲ್ಲ. ಮತ್ತಾಯನ ಸುವಾರ್ತೆಯ ಅಂತಿಮ ತೀರ್ಪಿನಲ್ಲಿ ಹಸಿದವನ ಜೊತೆಗೇ ಪರದೇಶಿಯೂ ನಿಂತಿದ್ದಾನೆ, ಅವನನ್ನು ಒಳಗೆ ಸೇರಿಸಿಕೊಂಡೆಯಾ ಎಂಬುದೇ ಅಲ್ಲಿನ ಪ್ರಶ್ನೆ.

ಪರಿಚಯವಾದರೆ ಏನಾಗುತ್ತದೆ ಎಂಬುದಕ್ಕೆ ರೋಮ್ ಸಾಕ್ಷಿ. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರ ದಾನಕಾರ್ಯಗಳ ಹೊಣೆ ಹೊತ್ತಿದ್ದ ಕೊನ್ರಾಡ್ ಕ್ರಾಯೆವ್ಸ್ಕಿ ಬೀದಿಯಲ್ಲಿದ್ದ ಒಬ್ಬರನ್ನು ಊಟಕ್ಕೆ ಕರೆದರು. ಮೈ ನಾರುತ್ತಿದೆ ಎಂದು ಆತ ಹಿಂಜರಿದರು. ಇಲ್ಲಿ ಊಟ ಹೇಗೋ ಸಿಗುತ್ತದೆ, ಸಿಗದಿರುವುದು ಸ್ನಾನಕ್ಕೂ ಶೌಚಕ್ಕೂ ಜಾಗ ಎಂದು ತಿಳಿಸಿದರು. ಮರುವರ್ಷ ಸಂತ ಪೇತ್ರರ ಚೌಕದ ಕಂಬಸಾಲಿನ ಬಳಿ ಮನೆಯಿಲ್ಲದವರಿಗಾಗಿ ಸ್ನಾನದ ಕೋಣೆಗಳು ತೆರೆದವು, ಕ್ಷೌರದ ವ್ಯವಸ್ಥೆಯೂ ಆಯಿತು. ಕೇಳದೇ ಹೋಗಿದ್ದರೆ ಅಲ್ಲಿಯೂ ಇನ್ನೊಂದು ಊಟದ ಪಂಕ್ತಿ ಶುರುವಾಗುತ್ತಿತ್ತು.

ನಮ್ಮ ಧರ್ಮಕೇಂದ್ರಗಳಿಗೆ ಇದು ಹೊಸ ವಿದ್ಯೆಯೇನಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ದಿ ಪಾಲ್ ಸಭೆ ಬಡವರ ಮನೆಗೇ ಹೋಗಿ ಭೇಟಿಯಾಗುವುದನ್ನು ತನ್ನ ಮುಖ್ಯ ಕೆಲಸವಾಗಿ ಮಾಡಿಕೊಂಡಿದೆ. ತಟ್ಟಲು ಬಾಗಿಲೇ ಇಲ್ಲದವರಿಗೂ ಆ ಭೇಟಿ ತಲುಪಬೇಕು. ಇಬ್ಬರು ಸೇರಿ ಒಂದೇ ಬೀದಿಗೆ ವಾರಕ್ಕೊಮ್ಮೆ ತಪ್ಪದೆ ಹೋದರೆ ಹೆಸರು, ಊರು, ಕಾಯಿಲೆ, ಕಳೆದುಹೋದ ಕಾಗದಪತ್ರ ಎಲ್ಲವೂ ಒಂದೊಂದಾಗಿ ತಿಳಿಯುತ್ತವೆ.

ಮಾಡಬೇಕಾದ ಕೆಲಸ ಆಗ ತಾನಾಗಿ ಕಾಣುತ್ತದೆ. ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲೂ ರಾತ್ರಿ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ವಾರ್ಡಿನಲ್ಲಿ ಅದು ಎಲ್ಲಿದೆ? ನಾವೇ ಒಮ್ಮೆ ಹೋಗಿ ನೋಡಿದ್ದೇವೆಯೇ? ಇಲ್ಲವಾದರೆ ಪಾಲಿಕೆಗೆ ಅರ್ಜಿ ಬರೆದಿದ್ದೇವೆಯೇ? ಮನೆಯಿಲ್ಲದವರೂ ಮತದಾರರ ಪಟ್ಟಿಗೆ ಸೇರಬಹುದು. ಅವರು ಮಲಗುವ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೋಗಿ ಖಚಿತಪಡಿಸಿಕೊಳ್ಳಲು ಚುನಾವಣಾ ಆಯೋಗದ ನಿಯಮವೇ ಇದೆ. ಆದರೆ ಆ ಅರ್ಜಿ ತುಂಬಿಸಲು ಓದುಬರಹ ಬಲ್ಲ ಒಬ್ಬ ಪರಿಚಯದವರು ಬೇಕು. ಜ್ವರ ಬಂದಾಗ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಜೊತೆ ನಿಲ್ಲಲೂ ಒಬ್ಬರು ಬೇಕು.

ಒಂದು ಎಚ್ಚರವೂ ಬೇಕು. ಸಮಾರ್ಯದವನು ಬಿದ್ದವನ ಮತ ಕೇಳಲಿಲ್ಲ, ತನ್ನ ಮತವನ್ನು ಹೇಳಲೂ ಇಲ್ಲ. ಅನ್ನದ ಜೊತೆ ಕರಪತ್ರ ಕೊಟ್ಟರೆ ಹಸಿದವನ ಅಸಹಾಯಕತೆಯನ್ನು ಬಳಸಿಕೊಂಡಂತೆ. ಪೊಟ್ಟಣ ಹಿಡಿಸಿ ಫೋಟೊ ತೆಗೆದರೆ ಅವನ ಮಾನವನ್ನು ಕಸಿದುಕೊಂಡಂತೆ. ಷರತ್ತಿಲ್ಲದೆ ಮಾಡಿದ್ದಷ್ಟೇ ಕ್ರಿಸ್ತನ ಹೆಸರಿಗೆ ತಕ್ಕದ್ದು.

ಪೋಪ್ ಫ್ರಾನ್ಸಿಸ್ ಆರಂಭಿಸಿದ ವಿಶ್ವ ಬಡವರ ದಿನ 2017ರಿಂದ ಪ್ರತಿ ನವೆಂಬರ್‌ನಲ್ಲಿ ಬರುತ್ತಿದೆ. ಅಂದು ಎಷ್ಟು ಜನರಿಗೆ ಊಟ ಹಾಕಿದೆವು ಎಂಬ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಪ್ರತಿ ಧರ್ಮಕೇಂದ್ರ ಇಡಲಿ: ನಮ್ಮ ಬೀದಿಯಲ್ಲಿ ಮಲಗುವ ಎಷ್ಟು ಜನರನ್ನು ಹೆಸರು ಹಿಡಿದು ಬಲ್ಲೆವು, ಅವರಲ್ಲಿ ಎಷ್ಟು ಮಂದಿಗೆ ಈ ವರ್ಷ ಸೂರು ಸಿಕ್ಕಿತು? ಮೊದಲ ವರ್ಷ ಆ ಸಂಖ್ಯೆ ಒಂದೇ ಆದರೂ ಕೆಲಸ ಶುರುವಾಯಿತು ಎಂದೇ ಅರ್ಥ.