ಸಂಚಾರಿ ಮನೆಗೆ ದೊಡ್ಡ ಆಲ್ಟರ್ನೇಟರ್ ಬೇಕೆ?

ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವೆಂಬ ಮಾತು ಹುಟ್ಟಿದಂದಿನಿಂದ ಪ್ರವಾಸಿಗಳನ್ನು ನಂಬಿ ಜೀವನೋಪಾಯ ಹುಡುಕುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ದೀಪ, ಫ್ಯಾನು, ಸಣ್ಣ ಫ್ರಿಜ್ಜು ಹೂಡಿ ಬೇಲೂರು, ಹಳೇಬೀಡು ತೋರಿಸುವ ಯೋಚನೆಯೂ ಅವುಗಳಲ್ಲಿ ಒಂದು. ಕೇರಳ ಸರ್ಕಾರವು 2021ರಲ್ಲಿ ಇಂಥ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಯೋಚನೆ ಒಳ್ಳೆಯದೇ. ಆದರೆ ಕೆಲಸಕ್ಕೆ ಕೈಹಾಕಿದೊಡನೆ, ಮೊದಲು ಆಲ್ಟರ್ನೇಟರನ್ನು ಬದಲಿಸಿ ದೊಡ್ಡದನ್ನು ಹಾಕಿಸಿರಿ ಎಂಬ ಉಪದೇಶ ಬರುತ್ತದೆ. ಇದು ಅನಾವಶ್ಯಕ ಖರ್ಚೆಂದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. 25 ವ್ಯಾಟಿನ ಫ್ಯಾನು ರಾತ್ರಿ 8 ಗಂಟೆ ತಿರುಗಿದರೆ 200 ವ್ಯಾಟ್-ಗಂಟೆ. ದೀಪಕ್ಕೂ ಫೋನಿಗೂ 100. ಫ್ರಿಜ್ಜಿಗೆ 500 ಎನ್ನಿ. ಒಟ್ಟು 800. ಹಾಸನದಿಂದ ಬೇಲೂರು, ಹಳೇಬೀಡು ಸುತ್ತಿ ಬರಲು ಎರಡು ಗಂಟೆಗೂ ಮೀರಿ ಇಂಜಿನು ಓಡುತ್ತದೆ. ಇರುವ ಆಲ್ಟರ್ನೇಟರಿನಿಂದ 30 ಆಂಪಿಯರ್ ಉಳಿದರೂ ಗಂಟೆಗೆ ಸುಮಾರು 400 ವ್ಯಾಟ್-ಗಂಟೆ ಸಿಕ್ಕಿತು; ಅಷ್ಟು ಹಿಡಿಯಬಲ್ಲ ಎರಡನೆಯ ಬ್ಯಾಟರಿಯೂ ದಪ್ಪ ತಂತಿಯೂ ಇದ್ದರೆ ಸಾಕು. ತೆಳು ತಂತಿಯಲ್ಲಿ ದಾರಿಯಲ್ಲೇ ಸೋರಿ ಹೋಗುವ ವಿದ್ಯುತ್ತಿಗೆ ಆಲ್ಟರ್ನೇಟರನ್ನು ಬಯ್ದು ಫಲವೇನು?

ವ್ಯಾನು ಮೂರು ದಿನ ಒಂದೇ ಕಡೆ ನಿಂತರೆ? ಆಗ ದೊಡ್ಡದಾದರೂ ಅಷ್ಟೆ, ಚಿಕ್ಕದಾದರೂ ಅಷ್ಟೆ. ಇಂಜಿನು ತಿರುಗದೆ ಎರಡೂ ಏನನ್ನೂ ಕೊಡವು. ನಿಂತಲ್ಲೇ ಇಂಜಿನು ಓಡಿಸಿದರೆ ವೇಗ ಸಾಲದೆ, ಹೆಸರಿಗೆ 150 ಆಂಪಿಯರಿನದೂ ಅದರ ಒಂದು ಭಾಗವನ್ನಷ್ಟೇ ಕೊಡುತ್ತದೆ. ಅಂಥಲ್ಲಿ ಛಾವಣಿಯ ಮೇಲಿನ ಸೂರ್ಯಫಲಕವೇ ಲೇಸು, ಸಕಲೇಶಪುರದ ಮಳೆಗಾಲವೊಂದನ್ನು ಬಿಟ್ಟು.

ಹವಾನಿಯಂತ್ರಣ ಬೇಕೆನ್ನುವವರ ಮಾತು ಬೇರೆ. ಅದು ರಾತ್ರಿಯೊಂದಕ್ಕೆ ಸಾವಿರಾರು ವ್ಯಾಟ್-ಗಂಟೆ ನುಂಗುತ್ತದೆ. ಅಂಥವರು ತಂಗುವಲ್ಲಿ ಗೋಡೆಯ ಪ್ಲಗ್ಗು ಹುಡುಕಲಿ. ಮುಚ್ಚಿದ ಗಾಡಿಯಲ್ಲಿ ಮಲಗಿ ಇಂಜಿನನ್ನಾಗಲಿ ಜನರೇಟರನ್ನಾಗಲಿ ಓಡಿಸುವುದು ಬೇಡ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ನಿಂತಿದ್ದ ಇಂಥದೇ ಗಾಡಿಯೊಳಗೆ ಇಬ್ಬರು ಸತ್ತರು. ಜನರೇಟರಿನಿಂದ ಒಳಸೇರಿದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವೂ ಇಲ್ಲ.

ದಿನಕ್ಕೆ ಅರ್ಧ ಗಂಟೆಯಷ್ಟೇ ಓಡಿ, ದೊಡ್ಡ ಲಿಥಿಯಂ ಬ್ಯಾಟರಿಯನ್ನು ತುಂಬಿಸಿಕೊಳ್ಳಬೇಕಾದವರು ದೊಡ್ಡ ಆಲ್ಟರ್ನೇಟರನ್ನು ಧಾರಾಳವಾಗಿ ಕೊಳ್ಳಲಿ. ಆ ಬ್ಯಾಟರಿ ಕೊಟ್ಟಷ್ಟನ್ನೂ ಎಳೆದುಕೊಂಡು ಆಲ್ಟರ್ನೇಟರನ್ನು ಕಾಯಿಸುವುದರಿಂದ, ನಡುವೆ ಹದಗೊಳಿಸುವ ಚಾರ್ಜರೊಂದು ಅವರಿಗೂ ಬೇಕು. ಮಿಕ್ಕವರು ಆ ಹಣದಲ್ಲಿ ಒಳ್ಳೆಯ ಬ್ಯಾಟರಿ ಕೊಳ್ಳಬಹುದು.