ದೀಪದ ಗುಂಡಿ ಯಾರ ಕೈಯಲ್ಲಿರಬೇಕು?

ವಿದ್ಯುಚ್ಛಕ್ತಿಯು ಮನೆಯ ಆಳಾಗಿ ದುಡಿಯುವ ಕಾಲವಿದು. ಆ ಆಳಿಗೆ ದೂರದಿಂದಲೇ ಅಪ್ಪಣೆ ಕೊಡುವ ‘ಸ್ಮಾರ್ಟ್ ಪವರ್ ಸ್ಟ್ರಿಪ್’ ಎಂಬ ಸಾಧನವೂ ಈಗ ಬಂದಿದೆ. ಸಾಲು ಪ್ಲಗ್ಗುಗಳ ಈ ಪಟ್ಟಿಯನ್ನು ವೈಫೈಗೆ ಜೋಡಿಸಿದರೆ, ಅಂಕೋಲೆಯ ಮನೆಯ ಫ್ಯಾನು, ದೀಪ, ಟಿ.ವಿ.ಗಳನ್ನು ಕಾರವಾರದಲ್ಲಿ ಕುಳಿತೇ ಫೋನಿನಿಂದ ನಿಲ್ಲಿಸಬಹುದು. ಒಂದು ತಿಂಗಳು ನಮ್ಮ ಮನೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದೆವು.

ಗುಣವನ್ನು ಮೊದಲು ಹೇಳುವುದು ನ್ಯಾಯ. ಸುಮ್ಮನಿರುವಾಗಲೂ 10 ವಾಟ್ ಎಳೆಯುವ ಉಪಕರಣವು 30 ದಿನಗಳಲ್ಲಿ 7.2 ಯುನಿಟ್ ನುಂಗುತ್ತದೆ. ಪಟ್ಟಿಯು ಗೊತ್ತುಪಡಿಸಿದ ವೇಳೆಗೆ ಅದನ್ನು ತಾನಾಗಿಯೇ ನಿಲ್ಲಿಸುತ್ತದೆ. ಕೈಗಾ, ಕದ್ರಾಗಳ ವಿದ್ಯುತ್ತಿಗಾಗಿ ನೆಲ ಬಿಟ್ಟವರ ಜಿಲ್ಲೆ ನಮ್ಮದು. ಅದನ್ನು ಪೋಲು ಮಾಡುವುದು ನಮಗೆ ಸಲ್ಲದು.

ಆದರೆ ಆಷಾಢದ ಗಾಳಿಮಳೆಗೆ ಇಂಟರ್ನೆಟ್ಟು ಹೋದೊಡನೆ ದೂರದ ಅಪ್ಪಣೆ ನಡೆಯದು. ಮೇಲಾಗಿ, ನಾವು ತಂದ ಪಟ್ಟಿಗೆ ಎಲ್ಲಕ್ಕೂ ಸೇರಿ ಒಂದೇ ಗುಂಡಿ. ಒಂದೊಂದನ್ನೇ ಹಾಕಲು ಫೋನೇ ಬೇಕು. ಫೋನು ಬಳಸಲರಿಯದ ತಾಯಿಯವರು, “ನಮ್ಮನೆ ಫ್ಯಾನ್ ಹಾಕೂಕೂ ನಿನ್ನ ಕೇಳ್ಬೇಕಾ?” ಎಂದರು. ಪ್ರಶ್ನೆ ಚಿಕ್ಕದಲ್ಲ.

ಆದುದರಿಂದ ಕೊಳ್ಳುವವರು ಪ್ರತಿ ಪ್ಲಗ್ಗಿಗೂ ಬೇರೆ ಗುಂಡಿಯುಳ್ಳ ಪಟ್ಟಿಯನ್ನೇ ಕೊಳ್ಳಲಿ. ಮಿತ್ರರೇ, ಮನೆತನದಲ್ಲಿ ಮೊದಲು ಕಾಲೇಜು ಕಂಡವರು ನಮ್ಮಲ್ಲಿ ಅನೇಕರು. ನಮ್ಮನ್ನು ಓದಿಸಿದವರ ಕೈಯಿಂದಲೇ ದೀಪವನ್ನು ಕಸಿಯುವ ಜಾಣತನ ನಮಗೆ ಬೇಡ.